ಟವಲ್ ಸರಿಸಿದ ಮಧ್ಯಾಹ್ನ

ನಾನು ನಿಂತಿದ್ದದ್ದು ಕಡೂರಿನ ಒಂದು ಬಟ್ಟೆ ಅಂಗಡಿಯ ಮೊದಲ ಮಹಡಿಯಲ್ಲಿ, ಮೆಟ್ಟಿಲು ಮೇಲೆ ಬಂದು ಮುಗಿಯುವ ಜಾಗದಲ್ಲಿ. ಬೆನ್ನ ಹಿಂದೆ ಮೆಟ್ಟಿಲಿನ ಕಬ್ಬಿಣದ ಕಂಬಿ, ಎದುರಿಗೆ ಎತ್ತರದ ಹಲಗೆಯ ಮೇಲೆ ಹಾಸಿದ, ಸೀರೆ ಹರವುವ ಗಾದಿ, ಎಡಗಡೆ ಟೈಲರ್ ಕೂರುವ ಮೂಲೆ. ಶ್ರಾವಣದ ಒಂದು ಸೋಮವಾರ, ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಮಾಲೀಕರು ಊಟ ಮುಗಿಸಿ ಮೇಲೆ ಬಂದು ಕೂತಿದ್ದರು. ಕರೆಂಟ್ ಇತ್ತು, ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿದ್ದವು. ನನ್ನ ಮತ್ತು ಗಾದಿಯ ನಡುವೆ ಯಾರೂ ಅಡ್ಡ ಇರಲಿಲ್ಲ.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಆ ಮಧ್ಯಾಹ್ನ ನಡೆದದ್ದನ್ನು ಕಡೂರಿನಲ್ಲಿ ಒಂದು ರೀತಿ ಹೇಳುತ್ತಾರೆ, ಅಜ್ಜಂಪುರದಲ್ಲಿ ಇನ್ನೊಂದು ರೀತಿ. ಒಬ್ಬ ಅಪ್ಪ ತನ್ನ ಕಿವಿ ಕೇಳದ ಮಗಳನ್ನು ದನ ಮಾರಿದ ಹಾಗೆ ಮಾರಿದ ಎನ್ನುವುದು ಅವುಗಳಲ್ಲಿ ಒಂದು. ಹಾಗೆ ಹೇಳುವವರು ಯಾರೂ ಅಲ್ಲಿ ಇರಲಿಲ್ಲ. ನಾನಿದ್ದೆ.

ಅವಳು ಆ ಅಂಗಡಿಯಲ್ಲಿ ನನಗಿಂತ ಮೊದಲಿನಿಂದ ಕೆಲಸಕ್ಕಿದ್ದವಳು. ಕೆಳಗಡೆ ಮ್ಯಾಚಿಂಗ್ ಕೌಂಟರ್ ಅವಳದು. ಹೆಂಗಸರು ಸೀರೆ ತಂದು ಮುಂದಿಟ್ಟರೆ ಅದಕ್ಕೆ ಹೊಂದುವ ಬ್ಲೌಸ್ ಪೀಸು ತೆಗೆದುಕೊಡುವ ಕೆಲಸ. ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಅಂಚಿನ ಒಂದು ಹಳ್ಳಿಯಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದಳು. ತಾಯಿ ಇರಲಿಲ್ಲ. ತಂದೆ ದನದ ದಲ್ಲಾಳಿ. ಶಾಲೆಗೆ ಹೋದವಳಲ್ಲ.

ನಾನು ತರೀಕೆರೆಯಿಂದ ಹೋಗಿ ಅಲ್ಲಿ ಕೆಲಸಕ್ಕೆ ಸೇರಿದ ದಿನ ಅವಳನ್ನು ಹಿಂದಿನಿಂದ ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಗಲ್ಲಾದ ಮೇಲೆ ಕೂತಿದ್ದ ಮಾಲೀಕರು ಹೊಟ್ಟೆ ಕುಣಿಸಿಕೊಂಡು ನಕ್ಕರು.

"ಲೇ, ಗೋಡೆಗಾದ್ರೂ ಕಿವಿ ಇರ್ತವಂತೆ ಕಣೋ, ಅವಳಿಗಿಲ್ಲ. ಹಲಗೆ ತುಳಿ, ಹಲಗೆ!"

ಕೌಂಟರಿನ ಹಿಂದೆ ನಾವು ನಿಲ್ಲುವ ಜಾಗಕ್ಕೆ ಉದ್ದಕ್ಕೂ ಮರದ ಹಲಗೆ ಹಾಸಿತ್ತು. ಹಿಮ್ಮಡಿಯಿಂದ ಒಮ್ಮೆ ತುಳಿದರೆ ಅದರ ನಡುಕ ಅವಳ ಪಾದಕ್ಕೆ ಮುಟ್ಟುತ್ತಿತ್ತು. ತುಳಿದೆ. ತಿರುಗಿದಳು. ಹೊಸಬ ಎಂದು ಮೇಲಿಂದ ಕೆಳಗೆ ನೋಡಿ, ತನ್ನ ಕಾಲನ್ನು ಜೋರಾಗಿ ಅಪ್ಪಳಿಸಿ ತೋರಿಸಿ, ಮುಖ ಸಿಂಡರಿಸಿ ಬೇಡವೆಂದು ಕೈಯಾಡಿಸಿದಳು. ಆಮೇಲೆ ಮೆಲ್ಲಗೆ ಒಮ್ಮೆ ತುಳಿದು ತೋರಿಸಿದಳು. ಇಷ್ಟು ಸಾಕು ಎಂದು. ನನಗೆ ಅವಳು ಕಲಿಸಿದ ಮೊದಲ ಮಾತು ಅದು.

ಎರಡನೆಯದು, ಮುಖ ಮುಚ್ಚಬಾರದು ಎನ್ನುವುದು. ನಮ್ಮ ಕಸುಬಿನಲ್ಲಿ ಗುಂಡುಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ. ಸೀರೆಯನ್ನು ಎದುರಿಗೆ ಎತ್ತಿ ಹಿಡಿದು ಅದರ ಹಿಂದಿನಿಂದ ಬಣ್ಣಿಸುವ ಅಭ್ಯಾಸ. ಅವಳು ಬಂದು ಸೀರೆಯನ್ನು ನನ್ನ ಮುಖದಿಂದ ಕೆಳಗೆಳೆಯುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ಕೆಲವು ತಿಂಗಳಾದ ಮೇಲೆ ನಾನು ಕಿವಿ ಕೇಳುವ ಗಿರಾಕಿಗಳ ಎದುರಿಗೂ ಸೀರೆಯನ್ನು ಎದೆಗಿಂತ ಮೇಲೆ ಎತ್ತುವುದನ್ನು ಬಿಟ್ಟುಬಿಟ್ಟಿದ್ದೆ.

ಅಂಗಡಿಗೆ ಬೇಕಾದ ಮಾತೆಲ್ಲ ನಮ್ಮ ಕೈಯಲ್ಲಿ ಹೀಗೇ ಒಂದೊಂದಾಗಿ ಕೂಡಿಬಂತು. ಸೆರಗು ಎಂದರೆ ಹೆಗಲಿನಿಂದ ಅಂಗೈಯನ್ನು ಕೆಳಕ್ಕೆ ಜಾರಿಸುವುದು. ಅಂಚು ಎಂದರೆ ಮುಂಗೈ ಉದ್ದಕ್ಕೆ ಒಂದು ಬೆರಳು. ಬಣ್ಣ ಬಿಡುವುದಿಲ್ಲ ಎನ್ನುವುದಕ್ಕೆ ಬಟ್ಟೆ ಹಿಂಡಿದಂತೆ ಮುಷ್ಟಿ ಬಿಗಿದು, ಅಂಗೈ ಬಿಚ್ಚಿ, ಏನೂ ಇಲ್ಲವೆಂದು ತೋರಿಸಬೇಕು. ಗಿರಾಕಿಗಳಿಗೂ ಒಂದೊಂದು ಹೆಸರು. ಯಾವ ಬಣ್ಣ ತೋರಿಸಿದರೂ "ಇನ್ನೂ ಸೊಲ್ಪ ಗಾಢ" ಎನ್ನುವ ಮೇಡಂ ಒಬ್ಬರಿದ್ದರು. ಅವರ ಹೆಸರು ಹುಬ್ಬನ್ನು ಹೆಬ್ಬೆರಳಿನಿಂದ ತೀಡುವುದು. ಮಾಲೀಕರ ಹೆಸರು ಹೊಟ್ಟೆಯ ಮೇಲೆ ಒಂದು ಸುತ್ತು. ಅದು ಅವರಿಗೂ ಗೊತ್ತಿತ್ತು. "ತಿಂದಿರೋದು ನಂದೇ ಅನ್ನ ಕಣಮ್ಮಾ," ಎಂದು ಅವಳ ಮುಖಕ್ಕೇ ಹೇಳುತ್ತಿದ್ದರು. ಅವಳು ತುಟಿ ನೋಡಿ ತಿಳಿದು ಇನ್ನೂ ದೊಡ್ಡ ಸುತ್ತು ಹಾಕುತ್ತಿದ್ದಳು. ನನ್ನ ಹೆಸರು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿದಂತೆ ಎರಡು ಬೆರಳು ಮುಟ್ಟಿಸುವುದು.

ಅವಳಿದ್ದಾಳೆಂದು ತಿಳಿದು ಕಿವಿ ಕೇಳದ ಗಿರಾಕಿಗಳು ಬರತೊಡಗಿದರು. ಊರಿನವರು "ಮೂಗಿ ಅಂಗಡಿ" ಎಂದರು. ಮಾಲೀಕರು ಮೊದಲು ಸಿಟ್ಟಾದರು, ಆಮೇಲೆ ವ್ಯಾಪಾರ ನೋಡಿ ಸುಮ್ಮನಾದರು. ಅಮೃತಾಪುರದಿಂದ ಒಬ್ಬ ವಯಸ್ಸಾದ ಹೆಂಗಸು ಬರುತ್ತಿದ್ದರು. ಅವರ ಸೀರೆಯನ್ನು ಅಲ್ಲಿಯವರೆಗೆ ಯಾವಾಗಲೂ ಸೊಸೆಯಂದಿರೇ ಆರಿಸಿ ತಂದುಕೊಡುತ್ತಿದ್ದರಂತೆ. ಅವರು ಒಬ್ಬರೇ ಬಸ್ಸು ಹತ್ತಿ ತರೀಕೆರೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಕಡೂರಿಗೆ ಬಂದು, ಮಧ್ಯಾಹ್ನವೆಲ್ಲ ಅವಳ ಕೌಂಟರಿನ ಮುಂದೆ ಸ್ಟೂಲಿನ ಮೇಲೆ ಕೂರುತ್ತಿದ್ದರು. ಇಬ್ಬರ ಕೈಸನ್ನೆ ಒಂದೇ ಅಲ್ಲ. ಆ ಹೆಂಗಸಿನದು ಅವರ ಮನೆಯಲ್ಲೇ ಹುಟ್ಟಿದ್ದು, ಇವಳದು ಇವಳ ಮನೆಯಲ್ಲಿ. ಆದರೂ ಒಬ್ಬರು ತಾಳ್ಮೆಯಿಂದ ನೋಡಿದರೆ ಇನ್ನೊಬ್ಬರದು ಅರ್ಥವಾಗುತ್ತಿತ್ತು. ಸೊಸೆಯಂದಿರಲ್ಲಿ ಒಬ್ಬಳ ನಡಿಗೆಯನ್ನು ಆ ಹೆಂಗಸು ಕೂತಲ್ಲೇ ನಡೆದು ತೋರಿಸಿದ್ದು ನೋಡಿ ಬೇರೆ ಗಿರಾಕಿಗಳೂ ನಕ್ಕಿದ್ದರು.

"ಏನ್ ತಗಂಡ್ರಂತೆ?" ಎಂದು ಮಾಲೀಕರು ಸಂಜೆ ಕೇಳಿದರು.

"ಒಂದು ಬ್ಲೌಸ್ ಪೀಸು."

"ಒಂದ್ ಪೀಸಿಗೆ ಇಡೀ ಮಧ್ಯಾಹ್ನನಾ! ನಾಳೆ ಇಲ್ಲೇ ಹಾಸಿಗೆ ಹಾಕ್ಸು ಅಂತಾರೆ." ಹೀಗೆಂದರೂ ಮುಂದಿನ ಸಲ ಆಕೆ ಬಂದಾಗ ಟೀ ತರಿಸಿದವರು ಅವರೇ.

ಊಟದ ಹೊತ್ತು ಕಳೆದು ಗಿರಾಕಿ ಇಲ್ಲದ ವೇಳೆ ನಮ್ಮಿಬ್ಬರದು. ಅವಳು ಬೆಳಗಿನ ಬಸ್ಸನ್ನು ನನಗೆ ಹೇಳುತ್ತಿದ್ದಳು. ಕಂಡಕ್ಟರು ಹೇಗೆ ಜನರ ನಡುವೆ ಹೊಟ್ಟೆ ಒಳಗೆಳೆದುಕೊಂಡು ತೂರುತ್ತಾನೆ, ಯಾರು ಯಾರ ಹೆಗಲ ಮೇಲೆ ನಿದ್ದೆಹೋದರು, ಎಚ್ಚರವಾದಾಗ ಇಬ್ಬರ ಮುಖವೂ ಹೇಗಿತ್ತು. ಕಾವಲಿನಲ್ಲಿ ಮಂಜು ಬಿದ್ದಿದ್ದರೆ ದನಗಳ ಕೊಂಬು ಮಾತ್ರ ಮೇಲೆ ಕಾಣುವುದನ್ನು ಎರಡು ಕೈಯಿಂದ ಮಾಡಿ ತೋರಿಸುತ್ತಿದ್ದಳು. ನಾನು ಆ ಬಸ್ಸಿನಲ್ಲಿ ಒಮ್ಮೆಯೂ ಹೋದವನಲ್ಲ. ಈಗಲೂ ಅದರ ಒಳಗೆಲ್ಲ ನನಗೆ ಗೊತ್ತು.

ನನಗೆ ಅವಳ ಹತ್ತಿರ ಹೇಳಬೇಕಾದ ಒಂದು ಮಾತಿತ್ತು. ನಮ್ಮ ಕೈಯಲ್ಲಿ ಸೀರೆಗೆ ಬೇಕಾದ ಮಾತೆಲ್ಲ ಇದ್ದವು, ಅದಕ್ಕೆ ಬೇಕಾದ್ದು ಇರಲಿಲ್ಲ. ಹೊಸದಾಗಿ ಮಾಡಿಕೊಳ್ಳಬಹುದಿತ್ತು, ಉಳಿದವನ್ನೆಲ್ಲ ಹಾಗೇ ತಾನೆ ಮಾಡಿಕೊಂಡದ್ದು. ಆದರೆ ಕೈಮಾತನ್ನು ಪಿಸುಗುಟ್ಟಲು ಬರುವುದಿಲ್ಲ. ಅಂಗಡಿಯ ಯಾವ ಮೂಲೆಯಲ್ಲಿ ನಿಂತು ಹೇಳಿದರೂ ಗಲ್ಲಾಕ್ಕೆ ಕಾಣುತ್ತಿತ್ತು, ರಸ್ತೆಗೆ ಕಾಣುತ್ತಿತ್ತು.

ಗುಟ್ಟಾಗಿ ಮಾತಾಡುವ ವಿದ್ಯೆ ಇದ್ದದ್ದು ಅವಳ ಅಪ್ಪನಿಗೆ ಮಾತ್ರ.

ದನದ ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನ ಕೈ ಹಿಡಿದು, ಮೇಲೆ ಟವಲ್ ಹೊದಿಸಿ, ಬೆರಳು ಅದುಮಿ ಕೇಳುತ್ತಾರೆ, ಬೆರಳು ಅದುಮಿ ಹೇಳುತ್ತಾರೆ. ಸುತ್ತ ನಿಂತವರಿಗೆ ಟವಲ್ ಅಲುಗುವುದಷ್ಟೇ ಕಾಣುತ್ತದೆ. ಆತನಿಗೆ ಮಗಳ ಜೊತೆ ಬೇರೆ ಯಾವ ಭಾಷೆಯೂ ಇರಲಿಲ್ಲ. ಈ ಕಸುಬಿನ ಬೆರಳುಗಳನ್ನೇ ಅವಳು ಮಗುವಾಗಿದ್ದಾಗಿನಿಂದ ಅವಳಿಗೆ ಕೊಟ್ಟಿದ್ದ. ಸಂತೆಯ ದಿನ ಅಂಗಡಿಗೆ ಬರುತ್ತಿದ್ದ. ಬಂದವನೇ ಹೆಗಲ ಮೇಲಿನ ಟವಲ್ಲನ್ನು ತನ್ನ ಕೈ ಅವಳ ಕೈ ಎರಡರ ಮೇಲೂ ಹಾಕಿ, ಕೌಂಟರಿನ ಎರಡು ಕಡೆ ನಿಂತು ಇಬ್ಬರೂ ಎಲ್ಲೋ ನೋಡುತ್ತ ಮಾತಾಡುತ್ತಿದ್ದರು. ಒಮ್ಮೊಮ್ಮೆ ಅವಳು ಇದ್ದಕ್ಕಿದ್ದಂತೆ ನಗುತ್ತಿದ್ದಳು. ಒಮ್ಮೊಮ್ಮೆ ಕೈ ಕಿತ್ತುಕೊಂಡು ಅವನ ಹೆಗಲಿಗೆ ಹೊಡೆಯುತ್ತಿದ್ದಳು. ಕೈಯಾಡಿಸಿ ಎಲ್ಲರಿಗೂ ಕಾಣುವಂತೆ ಮಗಳ ಜೊತೆ ಮಾತಾಡಲು ಅವನಿಗೆ ಸಂಕೋಚ.

"ಬಾಯಿಗಿಂತ ಇದೇ ವಾಸಿ ಕಣಪ್ಪಾ," ಎಂದ ಒಮ್ಮೆ ನನಗೆ. "ಬೆರಳು ಸುಳ್ಳೇಳಲ್ಲ."

"ದಲ್ಲಾಳಿ ಹೇಳಲ್ವೇನೋ?" ಎಂದರು ಮಾಲೀಕರು ಗಲ್ಲಾದಿಂದ.

"ಅದಕ್ಕೇ ಸ್ವಾಮಿ ಬಾಯಿ ಮುಚ್ಕಂಡಿರದು."

ಆ ಬೆರಳಿನ ಮಾತು ಎಂಥದೆಂದು ನಾನು ಅವಳನ್ನು ಕೇಳಿದ್ದೆ. ತೋರಿಸಿದಳು. ನನ್ನ ಕೈ ಹಿಡಿದು ಅಲ್ಲ. ತನ್ನ ಎಡಗೈಯನ್ನೇ ಬಲಗೈಯಲ್ಲಿ ಹಿಡಿದು. ತೋರುಬೆರಳನ್ನು ಎಳೆದರೆ ಅದು ಪ್ರಶ್ನೆ: ಬೇಕಾ? ಹೆಬ್ಬೆರಳನ್ನು ಹಿಂದಕ್ಕೆ ಒತ್ತಿದರೆ ಬೇಡ. ಐದು ಬೆರಳನ್ನೂ ಒಟ್ಟಿಗೆ ಹಿಡಿದರೆ ಒಪ್ಪಿದೆ, ಮುಗಿಯಿತು, ಇನ್ನು ಹಿಂದೆ ಸರಿಯುವಂತಿಲ್ಲ.

ಇದಾಗಿ ಸ್ವಲ್ಪ ಕಾಲಕ್ಕೆ ಅಜ್ಜಂಪುರದಿಂದ ಒಬ್ಬ ಬಂದ. ಹೊಲಿಗೆ ಮಿಷಿನ್ ರಿಪೇರಿ ಅವನ ಕೆಲಸ. ಅಜ್ಜಂಪುರ, ತರೀಕೆರೆ, ಕಡೂರು ಎಂದು ಊರೂರು ಸುತ್ತುತ್ತಿದ್ದ. ಅವನಿಗೂ ಕಿವಿ ಕೇಳುತ್ತಿರಲಿಲ್ಲ. ನಮ್ಮ ಮಹಡಿಯ ಟೈಲರ್ ಮಿಷಿನ್ ತುಳಿಯುತ್ತಿದ್ದರೆ ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈಯನ್ನು ಮೇಜಿನ ಮೇಲಿಟ್ಟು ಅದರ ನಡುಕವನ್ನು ನೋಡುತ್ತಿದ್ದ. ಕಿವುಡ ಮಕ್ಕಳ ಶಾಲೆಯಲ್ಲಿ ಓದಿದವನು. ಕನ್ನಡ ಓದುತ್ತಿದ್ದ, ಬರೆಯುತ್ತಿದ್ದ. ಅವನ ಕೈಯಲ್ಲಿ ಇದ್ದದ್ದು ಮನೆಯಲ್ಲಿ ಹುಟ್ಟಿದ ಸನ್ನೆಗಳಲ್ಲ. ಅವನಂಥವರು ಎಲ್ಲೆಲ್ಲೂ ಆಡುವ ಪೂರ್ತಿ ಭಾಷೆ.

ಅವಳು ಟೀ ಲೋಟ ಕೊಡಲು ಮೇಲೆ ಬಂದಾಗ ಅವನು ಏನೋ ಕೇಳಿದ. ಅವಳಿಗೆ ತಿಳಿಯಲಿಲ್ಲ. ಆ ಕೈಗಳ ವೇಗ ನೋಡಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಗಾದಿಯ ಹಲಗೆಯನ್ನು ಬಡಿದು, ಅಲ್ಲಿ ಸೀರೆ ಮಡಿಸುತ್ತಿದ್ದ ನನ್ನನ್ನು ಕರೆದಳು. ಅವಳು ಅಂಗಡಿಯ ಸನ್ನೆಯಲ್ಲಿ ಹೇಳಿದ್ದನ್ನು ನಾನು ಮೊಬೈಲಿನಲ್ಲಿ ಬರೆದು ಅವನಿಗೆ ತೋರಿಸಿದೆ. ಅವನು ಬರೆದದ್ದನ್ನು ಓದಿ ಅವಳಿಗೆ ಸನ್ನೆ ಮಾಡಿದೆ. ಅವನು ಕೇಳಿದ್ದು ಇಷ್ಟೇ: ನಿನ್ನ ಹೆಸರೇನು? ಅವಳಿಗೆ ಕೈಯಲ್ಲಿ ಹೆಸರಿರಲಿಲ್ಲ. ನಾವೆಲ್ಲ ಅವಳಿಂದ ಹೆಸರು ಪಡೆದಿದ್ದೆವು, ಅವಳಿಗೆ ಒಂದು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವನು ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಅವಳ ಕೆನ್ನೆಯ ಮಚ್ಚೆ ಇರುವ ಜಾಗದಲ್ಲಿ ತನ್ನ ಕೆನ್ನೆಯನ್ನು ಒಂದು ಬೆರಳಿಂದ ಮುಟ್ಟಿದ. ಅದೇ ಅವಳ ಹೆಸರಾಯಿತು.

ಟೈಲರಿನ ಮಿಷಿನ್ ಆಮೇಲೆ ಮೇಲಿಂದ ಮೇಲೆ ಕೆಡತೊಡಗಿತು.

"ನನ್ ಮಿಷಿನ್‌ಗೆ ಏನೂ ಆಗಿಲ್ಲ ಕಣಪ್ಪಾ," ಎಂದರು ಟೈಲರ್, ಸೂಜಿಗೆ ದಾರ ಪೋಣಿಸುತ್ತ. "ರೋಗ ಬಂದಿರದು ಬ್ಯಾರೆಯೋರಿಗೆ."

ನನ್ನ ಮಧ್ಯಸ್ಥಿಕೆ ಬೇಗ ಮುಗಿಯಿತು. ಮೊದಲು ಮೊಬೈಲ್ ಬೇಡವಾಯಿತು, ಆಮೇಲೆ ನಾನು. ಭಾನುವಾರ ಸಂಜೆ ಕಡೂರು ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಸುತ್ತಲ ಊರುಗಳ ಕಿವಿ ಕೇಳದವರು ಸೇರುತ್ತಾರೆ ಎನ್ನುವುದು ನನಗೆ ತಿಳಿದದ್ದು ಅವಳಿಂದ. ಒಮ್ಮೆ ತರೀಕೆರೆಗೆ ಹೋಗುವಾಗ ಸ್ಟೇಷನ್ನಿನ ಸೇತುವೆಯ ಮೇಲಿನಿಂದ ನೋಡಿದೆ. ಸಿಮೆಂಟಿನ ಬೆಂಚಿನ ಸುತ್ತ ದೊಡ್ಡ ಗುಂಪು ವೃತ್ತವಾಗಿ ನಿಂತಿತ್ತು. ಒಂದು ಸದ್ದಿಲ್ಲ, ಎಲ್ಲರ ಕೈಗಳೂ ಆಡುತ್ತಿವೆ. ಅವಳು ನಡುವೆ ನಿಂತು ಏನೋ ಹೇಳುತ್ತಿದ್ದಳು. ಮೈಯೆಲ್ಲ ಮಾತಾಡುತ್ತಿತ್ತು. ಅಷ್ಟು ವೇಗವಾಗಿ ಅವಳು ನನ್ನ ಜೊತೆ ಒಂದು ದಿನವೂ ಮಾತಾಡಿರಲಿಲ್ಲ. ಬೆಳಗಿನ ಬಸ್ಸಿನ ಕಥೆಯೇ ಇರಬೇಕು. ಒಬ್ಬ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತುಬಿಟ್ಟ. ನನಗೆ ಒಂದು ಮಾತೂ ಅರ್ಥವಾಗಲಿಲ್ಲ.

ಸೋಮವಾರ ಅಂಗಡಿಯಲ್ಲಿ ಅವಳು ನನಗೆ ಏನೋ ಹೇಳಲು ಹೊಸ ಮಾತಿನಲ್ಲಿ ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿ, ಹಳೆಯ ಅಂಗಡಿಯ ಸನ್ನೆಗೆ ಇಳಿದು ನಿಧಾನವಾಗಿ ಮತ್ತೆ ಹೇಳುತ್ತಿದ್ದಳು. ಚಿಕ್ಕ ಮಕ್ಕಳ ಜೊತೆ ನಾವು ಮಾತಾಡುವ ಹಾಗೆ. ಅದರಲ್ಲಿ ಅಕ್ಕರೆಯೇ ಇತ್ತು. ಆದರೂ ನಾನು ಆ ದಿನಗಳಲ್ಲಿ ಊಟಕ್ಕೆ ಬೇಗ ಹೋಗಿ ತಡವಾಗಿ ಬರತೊಡಗಿದ್ದೆ.

ಇನ್ನು ಆ ಸೋಮವಾರ.

ಮಿಷಿನ್ ರಿಪೇರಿಯ ಹುಡುಗನಿಗೆ ತಂದೆ ತಾಯಿ ಇರಲಿಲ್ಲ, ಸಾಕಿದ್ದು ಚಿಕ್ಕಮ್ಮ. ನೇರ ಮನೆಗೆ ಹೋಗಿ ಹೆಣ್ಣು ನೋಡಿ ಬೇಡವೆಂದರೆ ಇಬ್ಬರಿಗೂ ಮುಜುಗರ, ಅದರ ಬದಲು ಸೀರೆ ಕೊಳ್ಳುವ ನೆಪದಲ್ಲಿ ಅಂಗಡಿಗೇ ಬರುತ್ತೇವೆ ಎಂದು ಅವರು ಹೇಳಿಕಳಿಸಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಆ ಗಾದಿಯ ಮೇಲೆ ಎಷ್ಟೋ ಸಂಬಂಧ ಕುದುರಿವೆ, ಮುರಿದಿವೆ. ಮಾಲೀಕರು ಮೇಲಿನ ಮಹಡಿ ಬಿಟ್ಟುಕೊಟ್ಟರು. ಗಾದಿಯ ಒಂದು ಬದಿಗೆ ಚಿಕ್ಕಮ್ಮ ಮತ್ತು ಹುಡುಗ. ಇನ್ನೊಂದು ಬದಿಗೆ ಅಪ್ಪ ಮತ್ತು ಅವಳು. ನಡುವೆ ನಾನೇ ಹರವಿದ್ದ ಸೀರೆಗಳು. ಹರವಿ ಎದ್ದು ಮೆಟ್ಟಿಲ ಹತ್ತಿರ ಬಂದು ನಿಂತಿದ್ದೆ.

ಅವಳಿಗೆ ಈ ಸಂಬಂಧ ಬೇಕಿತ್ತು. ಇದನ್ನು ಊಹಿಸಿ ಬರೆಯುತ್ತಿಲ್ಲ. ಅವತ್ತು ಬೆಳಿಗ್ಗೆ ನನ್ನನ್ನು ಹಲಗೆ ತುಳಿದು ಕರೆದು, ಯಾವ ಸೀರೆ ಉಡಲಿ ಎಂದು ಎರಡನ್ನು ಎತ್ತಿ ಹಿಡಿದಿದ್ದಳು. ನಾನು ಒಂದನ್ನು ತೋರಿಸಿದೆ. ಅದನ್ನೇ ಉಟ್ಟಿದ್ದಳು. ಅವಳ ಮನಸ್ಸು ಅಪ್ಪನಿಗೆ ಮಾತ್ರ ತಿಳಿದಿರಲಿಲ್ಲ. ಇಬ್ಬರಿಗೂ ಕಿವಿ ಕೇಳದ ಮನೆಯಲ್ಲಿ ಮಗಳು ಹೇಗೆ ಬಾಳುತ್ತಾಳೆ, ರಾತ್ರಿ ಬಾಗಿಲು ತಟ್ಟಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಆತ ಟೈಲರಿನ ಹತ್ತಿರ ಹೇಳಿಕೊಂಡಿದ್ದ.

ಚಿಕ್ಕಮ್ಮ ಸೀರೆಯ ಅಂಚನ್ನು ಮುಟ್ಟಿ ನೋಡಿ, "ನಮ್ಗೇನೂ ಬ್ಯಾಡ. ಹುಡುಗಿ ಒಪ್ಪಿದ್ರೆ ಸಾಕು. ಕೇಳಿ ಹೇಳಿ," ಎಂದರು.

ಅಪ್ಪ ತಲೆಯಾಡಿಸಿದ. ಅವನು ಮಗಳನ್ನು ಕೇಳುವುದು ಒಂದೇ ರೀತಿ. ಹೆಗಲ ಮೇಲಿನ ಟವಲ್ ತೆಗೆದು ಕೊಡವಿ, ಅವಳ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ಮೇಲೆ ಹೊದಿಸಿದ. ಅವನ ಜೀವನದ ಬಹಳ ದೊಡ್ಡ ಪ್ರಶ್ನೆ ಅದು. ಯಾರೂ ನೋಡದಂತೆ ಕೇಳಬೇಕು ಎನ್ನುವುದು ಅವನಿಗೆ ಮರ್ಯಾದೆ. ಟವಲ್ ಅಲುಗಿತು.

ಚಿಕ್ಕಮ್ಮನ ಮುಖ ಕೆಂಪಾಯಿತು.

"ಏನ್ರೀ ಇದು? ಇದೇನು ದನದ ಯಾಪಾರವಾ? ಎಷ್ಟು ಅಂತ ಹಿಡೀತಿದೀರಿ ಬೆರಳು?"

"ಯಾಪಾರ ಅಲ್ಲ ತಾಯಿ, ಮಗಳ್ನ ಕೇಳ್ತಿವ್ನಿ."

"ಕೇಳೋದಾದ್ರೆ ಬಾಯ್ಬಿಟ್ಟು ಕೇಳಿ."

"ಬಾಯ್ಬಿಟ್ರೆ ಅವಳಿಗೆ ಕೇಳ್ಸತ್ತಾ ತಾಯಿ?"

ಅಷ್ಟರಲ್ಲಿ ಹುಡುಗ ಎದ್ದಿದ್ದ. ಅವನ ಮುಖ ನನಗೆ ನೇರ ಕಾಣುತ್ತಿತ್ತು. ಚಿಕ್ಕಮ್ಮ ಆಡಿದ ಮಾತು ಅವನಿಗೆ ಕೇಳಿರಲಿಲ್ಲ. ಅವನು ನೋಡಿದ್ದು ಆ ಟವಲ್ಲನ್ನು ಮಾತ್ರ. ನಾವು ಪಿಸುಮಾತಾಡುವುದನ್ನು ಅವನು ಹುಟ್ಟಿದಾಗಿನಿಂದ ಕಂಡಿರಬೇಕು, ಅದಕ್ಕೆ ಒಗ್ಗಿಹೋಗಿರಬೇಕು. ಆದರೆ ಕೈಗೆ ಮುಸುಕು ಹಾಕುವುದನ್ನು ಅವನು ಎಲ್ಲೂ ಕಂಡಿರಲಾರ. ಅವನ ಎದುರಿಗೇ, ಅವನದೇ ವಿಷಯವನ್ನು, ಅವನಿಗೆ ಮಾತ್ರ ಕಾಣದಂತೆ ಮುಚ್ಚಿ ಆಡುತ್ತಿದ್ದರು. ಸೀರೆಗಳನ್ನು ದಾಟಿ ಮೆಟ್ಟಿಲ ಕಡೆಗೆ ಬಂದ.

ಎಲ್ಲರೂ ಅವನ ಬೆನ್ನಿಗೆ ಕೂಗತೊಡಗಿದರು.

"ಏ ತಮ್ಮಾ, ನಿಲ್ಲಪ್ಪಾ!" ಎಂದರು ಮಾಲೀಕರು.

"ಲೇ, ನಿಂತ್ಕಳೋ!" ಎಂದರು ಟೈಲರ್.

ಸಾಕಿದ ಚಿಕ್ಕಮ್ಮನೂ ಅವನ ಹೆಸರು ಹಿಡಿದು ಕೂಗಿದರು. ಅಪ್ಪನೂ ಕೂಗಿದ. ಗಾಬರಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಕೂಗದೆ ಇದ್ದವಳು ಅವಳೊಬ್ಬಳೇ. ಅವಳು ಗಾದಿಯ ಹಲಗೆಯನ್ನು ಅಂಗೈಯಿಂದ ಬಡಿದಳು. ಅವನು ಆಗಲೇ ಹಲಗೆ ಇಳಿದು ನೆಲದ ಮೇಲಿದ್ದ.

ಅವನು ನನ್ನ ಎದುರಿಗೆ ಬಂದ. ಮೆಟ್ಟಿಲು ಕಿರಿದು, ನಾನು ಪಕ್ಕಕ್ಕೆ ಸರಿದರೆ ಮಾತ್ರ ದಾರಿ. ಅವನು ಹೋಗಿಬಿಟ್ಟರೆ ಮತ್ತೆ ಬರುವುದಿಲ್ಲ ಎಂದು ಅವನ ಮುಖ ಹೇಳುತ್ತಿತ್ತು. ಅವಳು ನಾಳೆಯೂ ಬೆಳಗಿನ ಬಸ್ಸಿಗೆ ಬರುತ್ತಾಳೆ, ಮಧ್ಯಾಹ್ನ ನನಗೆ ಅದರ ಕಥೆ ಹೇಳುತ್ತಾಳೆ. ಇದೆಲ್ಲ ಆಗ ನನ್ನ ತಲೆಯಲ್ಲಿ ಹಾದುಹೋಯಿತು. ನಾನು ಎರಡು ಕಡೆಯ ಕಂಬಿ ಹಿಡಿದು ನಿಂತೆ. ಅವನು ವೇಗವಾಗಿ ಏನೋ ಹೇಳಿದ, ತಿಳಿಯಲಿಲ್ಲ. ಅವನ ಭುಜ ಹಿಡಿದು ಗಾದಿಯ ಕಡೆಗೆ ತಿರುಗಿಸಿದೆ. ಅವನ ಹೆಗಲು ಬಿಗಿದಿತ್ತು. ಒಂದು ಕ್ಷಣ ಹೊಡೆಯುತ್ತಾನೆ ಎನಿಸಿತು. ಹೊಡೆಯಲಿಲ್ಲ. ನೋಡಿದ.

ನಾವಿಬ್ಬರೂ ಒಟ್ಟಿಗೆ ನೋಡಿದ್ದು ಇದು.

ಅವಳು ಎದ್ದು ನಿಂತು ಅಪ್ಪನನ್ನೂ ಎಬ್ಬಿಸಿದ್ದಳು. ಅವನ ಕೈಯ ಮೇಲಿನ ಟವಲ್ಲನ್ನು ಎಳೆದು ಗಾದಿಯ ಮೇಲೆ ಹಾಕಿದಳು. ಅವನ ಕೈ ತಕ್ಷಣ ಮುಷ್ಟಿಯಾಯಿತು, ಬಟ್ಟೆ ಕಳಚಿದವನು ಮೈ ಮುಚ್ಚಿಕೊಳ್ಳುವಂತೆ. ಅವಳು ಆ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು. ತನ್ನ ತೋರುಬೆರಳನ್ನು ಅದರೊಳಗೆ ಇಟ್ಟು ಅವನ ಮುಖ ನೋಡಿದಳು. ಕೇಳು ಎಂದು. ಆತ ಸುತ್ತ ನೋಡಿದ. ಮಾಲೀಕರು, ಟೈಲರ್, ಚಿಕ್ಕಮ್ಮ, ನಾನು, ಹುಡುಗ, ಎಲ್ಲರ ಕಣ್ಣೂ ಅವನ ಕೈಯ ಮೇಲೆ. ದಲ್ಲಾಳಿ ಬರಿಗೈಯಲ್ಲಿ ಬೆರಳು ಹಿಡಿಯುವುದಿಲ್ಲ. ಹಿಡಿದರೆ ಅವನ ಕಸುಬೇ ಹೋಯಿತು.

ಅವನು ಅವಳ ತೋರುಬೆರಳನ್ನು ಎಳೆದ. ಬೇಕಾ?

ಅವಳು ಟ್ಯೂಬ್‌ಲೈಟಿನ ಕೆಳಗೆ ಒಂದು ಹೆಜ್ಜೆ ಸರಿದಳು, ಬೆಳಕು ಕೈಗಳ ಮೇಲೆ ಬೀಳುವಂತೆ. ಹುಡುಗನ ಕಡೆಗೆ ತಿರುಗಿಕೊಂಡು, ಅಪ್ಪನ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಐದು ಬೆರಳನ್ನೂ ಒಟ್ಟಿಗೆ ಹಿಡಿದಳು. ಹಿಡಿದೇ ನಿಂತಳು.

ಹುಡುಗನಿಗೆ ಆ ಬೆರಳಿನ ಮಾತು ಬರುತ್ತಿರಲಿಲ್ಲ. ಆದರೆ ತಿಳಿಯದೆ ಇರುವಂಥದ್ದೇನೂ ಅದರಲ್ಲಿರಲಿಲ್ಲ. ನನ್ನ ಕೈಯ ಕೆಳಗೆ ಅವನ ಹೆಗಲು ಸಡಿಲಾಯಿತು. ನಾನು ಕೈ ತೆಗೆದೆ.

"ಇದೇನ್ರೀ," ಎಂದರು ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮೊದಲೇ ಹಿಂಗೆ ಕೇಳಿದ್ರೆ ಆಗ್ತಿರ್ಲಿಲ್ವಾ?"

ಟವಲ್ಲನ್ನು ಅಪ್ಪ ಆಮೇಲೂ ಎತ್ತಿಕೊಳ್ಳಲಿಲ್ಲ. ಅದನ್ನು ಮಡಿಸಿ ಅವನ ಹೆಗಲಿಗೆ ಹಾಕಿದವನು ನಾನು.

ಕಾರ್ತೀಕದಲ್ಲಿ ಮದುವೆಯಾಯಿತು. ಅವಳು ಅಜ್ಜಂಪುರಕ್ಕೆ ಹೋದಳು, ಆಗ ಅದಿನ್ನೂ ತರೀಕೆರೆ ತಾಲ್ಲೂಕಿನಲ್ಲೇ ಇತ್ತು. ಮ್ಯಾಚಿಂಗ್ ಕೌಂಟರಿಗೆ ಬಂದ ಹೊಸ ಹುಡುಗಿ ಕರೆದ ತಕ್ಷಣ ಓಗೊಡುತ್ತಿದ್ದಳು. ನಾನು ಅವಳನ್ನು ಕರೆಯುವ ಮೊದಲೂ ಹಲಗೆ ತುಳಿಯುತ್ತಿದ್ದೆ. "ಯಾಕಣ್ಣಾ, ಕಾಲು ಜೋಮಾ?" ಎಂದು ಕೇಳುತ್ತಿದ್ದಳು. ಅಮೃತಾಪುರದ ಹೆಂಗಸು ಒಮ್ಮೆ ಬಂದು, ಕೌಂಟರಿನ ಹಿಂದೆ ಬೇರೆ ಮುಖ ನೋಡಿ, ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು, ಏನೂ ಕೊಳ್ಳದೆ ಎದ್ದುಹೋದರು. ನಾನು ನನಗೆ ತಿಳಿದಷ್ಟು ಮಾತಾಡಿಸಿದೆ. ನಿನ್ನದು ಸಾಲದು ಎನ್ನುವಂತೆ ನನ್ನ ಕೈ ತಟ್ಟಿದರು. ಮರುವರ್ಷ ನಾನೂ ಕಡೂರು ಬಿಟ್ಟು ತರೀಕೆರೆಯಲ್ಲೇ ಒಂದು ಅಂಗಡಿಗೆ ಸೇರಿದೆ.

ಇಲ್ಲಿಯೂ ಕಿವಿ ಕೇಳದ ಗಿರಾಕಿಗಳು ಬರುತ್ತಾರೆ. ರೋಗದ ಕಾಲದಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್ ಬಿದ್ದಾಗ ಅವರು ಬಾಗಿಲಲ್ಲೇ ನಿಂತು ಒಳಗೆ ನೋಡಿ, ಯಾರ ಬಾಯೂ ಕಾಣದೆ ತಿರುಗಿಹೋಗುತ್ತಿದ್ದರು. ನಾನು ದೂರ ನಿಂತು ಮಾಸ್ಕ್ ಇಳಿಸಿ ಮುಖ ತೋರಿಸಿ ಒಳಗೆ ಕರೆಯುತ್ತಿದ್ದೆ. ಈಗಿನ ಹುಡುಗರು ಮೊಬೈಲಿನಲ್ಲಿ ಎದುರೆದುರು ಕಂಡುಕೊಂಡು ಮಾತಾಡುತ್ತ ಬರುತ್ತಾರೆ. ಅವರದು ಆ ಪ್ಲಾಟ್‌ಫಾರಂನ ಭಾಷೆ. ನಾನು ಸ್ವಲ್ಪ ಕಲಿತಿದ್ದೇನೆ. ಆದರೆ ಅವಸರದಲ್ಲಿ ನನ್ನ ಕೈಗೆ ಬರುವುದು ಕಡೂರಿನದೇ. ಆ ಭಾಷೆ ಆಡುವವರು ಈ ಭೂಮಿಯ ಮೇಲೆ ಇಬ್ಬರು. ಅವರಲ್ಲಿ ಒಬ್ಬರಿಗೆ ಈಗ ಅದರ ಅಗತ್ಯವಿಲ್ಲ.

ಕಳೆದ ಬೇಸಿಗೆಯಲ್ಲಿ ಅವಳು ಬಂದಳು. ಜೊತೆಗೆ ಮಗಳು, ಎರಡನೇ ಕ್ಲಾಸಿನವಳು. ಮಗುವಿಗೆ ಕಿವಿ ಕೇಳುತ್ತದೆ. ಕೌಂಟರಿನ ಮೇಲೆ ಗದ್ದ ಊರಿ, ಅಮ್ಮನ ಕೈ ನೋಡಿ ನನಗೆ ಹೇಳಿತು:

"ಅಂಕಲ್, ನಮ್ಮಮ್ಮ ಕೇಳ್ತಿದಾಳೆ, ಈ ಬಣ್ಣ ಬಿಡತ್ತಾ ಅಂತ."

ಅವಳ ಪ್ರಶ್ನೆಯನ್ನು ನನಗೆ ಇನ್ನೊಬ್ಬರು ಹೇಳಿದ್ದು ಅದೇ ಮೊದಲು. ನಾನು ಮುಷ್ಟಿ ಬಿಗಿದು, ಬಿಚ್ಚಿ, ಖಾಲಿ ಅಂಗೈ ತೋರಿಸಿದೆ.

"ನಿಮ್ಗೂ ಬರತ್ತಾ!" ಎಂದಿತು ಮಗು. ಆಮೇಲೆ ಹುಬ್ಬು ಗಂಟಿಕ್ಕಿ, "ಆದ್ರೆ ಅದು ತಪ್ಪು ಅಂಕಲ್. ಹಂಗಲ್ಲ, ಹಿಂಗೆ," ಎಂದು ಸರಿಯಾದದ್ದನ್ನು ಮಾಡಿ ತೋರಿಸಿತು.

ಅವಳು ಮಗುವಿನ ಕೈ ಹಿಡಿದು ನಿಲ್ಲಿಸಿ ಏನೋ ಹೇಳಿದಳು.

"ತಪ್ಪಲ್ವಂತೆ," ಎಂದಿತು ಮಗು. "ಅದು ಕಡೂರಿಂದಂತೆ."

ನಾನು ಬ್ಲೌಸ್ ಪೀಸಿನ ಕಟ್ಟನ್ನು ತೆಗೆಯಲು ಒಳಗೆ ತಿರುಗಿದೆ.

ಅವಳು ಬಣ್ಣ ನೋಡಲು ಪೀಸುಗಳನ್ನು ಬಾಗಿಲ ಬೆಳಕಿಗೆ ತೆಗೆದುಕೊಂಡು ಹೋದಾಗ ಮಗು ದನಿ ತಗ್ಗಿಸಿತು. ತಗ್ಗಿಸುವ ಅಗತ್ಯವಿರಲಿಲ್ಲ.

"ಅಂಕಲ್, ನೀವು ಅವತ್ತು ಇದ್ರಂತಲ್ಲ. ತಾತ ನಮ್ಮಮ್ಮನ್ನ ಟವಲ್ ಒಳಗೆ ಮಾರಿದ್ರಾ? ನಮ್ ಕ್ಲಾಸಲ್ಲಿ ಒಬ್ಳು ಹೇಳ್ತಾಳೆ. ಅಮ್ಮನ್ನ ಕೇಳಿದ್ರೆ ಅಮ್ಮ ಅಳ್ತಾಳೆ. ತಾತ ಸತ್ತೋದ್ರು."

ಆತ ತೀರಿಕೊಂಡದ್ದು ನನಗೆ ತಿಳಿದಿರಲಿಲ್ಲ.

"ಇಲ್ಲ ಪುಟ್ಟಾ," ಎಂದೆ. "ಮಾರಲಿಲ್ಲ. ಕೇಳಿದ್ರು. ಎಲ್ಲರ ಮುಂದೆ, ಬರಿಗೈಯಲ್ಲಿ ಕೇಳಿದ್ರು. ನಿಮ್ಮಮ್ಮ ಹೂಂ ಅಂದ್ಲು. ನಾನು ನೋಡಿದೀನಿ."

"ನೀವೊಬ್ರೇನಾ ನೋಡಿರೋದು?"

ಮಗುವಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತೇನೆ. ಆ ಮಧ್ಯಾಹ್ನ ಆ ಮಹಡಿಯಲ್ಲಿದ್ದವರಲ್ಲಿ ಅಪ್ಪ ಈಗಿಲ್ಲ. ಉಳಿದವರೆಲ್ಲ ಇದ್ದಾರೆ. ಮಾಲೀಕರು ಅಂಗಡಿಯನ್ನು ಮಗನಿಗೆ ಬಿಟ್ಟು ಕಡೂರಿನಲ್ಲೇ ಮನೆಯಲ್ಲಿದ್ದಾರೆ. ನಡೆಯಲಾರರು, ನೆನಪು ಚೆನ್ನಾಗಿದೆ. ಟೈಲರ್ ಇದ್ದಾರೆ, ಕಣ್ಣು ಮಂಜಾಗಿ ಹೊಲಿಗೆ ಬಿಟ್ಟಿದ್ದಾರೆ, ಆದರೆ ಅವತ್ತು ಅವರ ಕಣ್ಣು ನೆಟ್ಟಗಿತ್ತು. ಹುಡುಗನ ಚಿಕ್ಕಮ್ಮ ಅಜ್ಜಂಪುರದಲ್ಲಿದ್ದಾರೆ. ಮೊದಲು ಕೂಗಾಡಿದ್ದು ತಾವೇ ಎಂದು ಒಪ್ಪುತ್ತಾರೆ. ಆ ಹುಡುಗ, ಮಗುವಿನ ಅಪ್ಪ, ಇದ್ದಾನೆ. ಕೇಳುವುದನ್ನು ಬರೆದು ಕೊಟ್ಟರೆ ಬರೆದು ಹೇಳುತ್ತಾನೆ. ನಾನಿದ್ದೇನೆ. ಅವಳಿದ್ದಾಳೆ. ಅವಳನ್ನೇ ಕೇಳುವವರು ಬೆಳಕಿರುವ ಹೊತ್ತಿನಲ್ಲಿ, ಎದುರಿಗೆ ಕೂತು ಕೇಳಬೇಕು.